ಚೆಂಡು ಈಗ ಅಡುಗೆಮನೆಯಲ್ಲಿದೆ

ಥಾರ್ನ್‌ಬೆಕ್
ಮೇ ತಿಂಗಳ ಕೊನೆಯ ಶನಿವಾರ

ಪ್ರೀತಿಯ ಮೇವಿಸ್ ಆಂಟಿ,

“ಮೇಲಿರುವವರಿಗೆ ಬೀಳುವ ಭಯ, ಕೆಳಗಿರುವವರಿಗೆ ಏಳುವ ಆಸೆ, ನಡುವೆ ಇರುವವರಿಗೆ…” ಇಲ್ಲಿಗೆ ಬಂದು ನನ್ನ ನೆನಪು ನಿಂತುಬಿಡುತ್ತದೆ. ನಡುವೆ ಇರುವವರಿಗೆ ಏನು ಎಂದಿದ್ದಿರಿ? ನಿದ್ದೆ ಎಂದಿರಾ, ಬಿಸಿ ಊಟ ಎಂದಿರಾ? ನನಗಾಗ ಹತ್ತೊಂಬತ್ತು, ವಿಶ್ವವಿದ್ಯಾಲಯದ ಮೊದಲ ರಜೆಗೆ ಬಂದಿದ್ದೆ. ನೀವು ಹಿತ್ತಲ ಗೋಡೆಯ ಆಚೆ ಬಟ್ಟೆ ಒಣಹಾಕುತ್ತಿದ್ದಿರಿ. ಹಿಂದಿನ ದಿನ ನಮ್ಮೂರ ಫುಟ್‌ಬಾಲ್ ತಂಡ ಎಂದಿನಂತೆ ಸೋತಿತ್ತು. ಪದ್ಯಗಳನ್ನು ಪುಟಗಟ್ಟಲೆ ಬಾಯಿಪಾಠ ಮಾಡುತ್ತಿದ್ದ ನಾನು ನಿಮ್ಮ ಒಂದೇ ಒಂದು ಸಾಲನ್ನು ಅರ್ಧಕ್ಕೆ ಕೈಬಿಟ್ಟೆ. ಅದು ನಿದ್ದೆಯೇ ಆಗಿದ್ದರೆ, ಆಂಟಿ, ನೀವು ಹೇಳಿದ್ದು ಸುಳ್ಳು. ಈ ವರ್ಷವೆಲ್ಲ ನಡುವೆ ಇದ್ದು ನೋಡಿದೆವು. ನಿದ್ದೆ ಮಾತ್ರ ನಮ್ಮ ಬೀದಿಯಲ್ಲಿ ಯಾರಿಗೂ ಬರಲಿಲ್ಲ.

ಹೋದ ವರ್ಷ ಇದೇ ಹೊತ್ತಿಗೆ ನಮ್ಮ ‘ನೇಕಾರರು’ ತಂಡದವರು ಲೀಗಿನ ಮೂರನೇ ಹಂತದಿಂದ ಎರಡನೇ ಹಂತಕ್ಕೆ ಏರಿದ್ದರು. ನೀವು ಆಸ್ಪತ್ರೆಯ ಮಂಚದ ಕಂಬಿಗೆ ತಂಡದ ಮಫ್ಲರ್ ಕಟ್ಟಿಸಿಕೊಂಡು ಆ ಸುದ್ದಿ ಕೇಳಿದಿರಿ. ಜೂನ್‌ನಲ್ಲಿ ಹೊರಟೇಬಿಟ್ಟಿರಿ. “ಇಷ್ಟು ವರ್ಷ ಕಾದವಳು, ಸೀಸನ್ ಶುರುವಾಗೋಕೆ ಇನ್ನೆರಡು ತಿಂಗಳು ಕಾಯೋಕಾಗ್ಲಿಲ್ವಾ,” ಎಂದು ನಿಮ್ಮ ಯಜಮಾನರು, ಕ್ಲಿಫ್ ಅಂಕಲ್, ಚರ್ಚಿನ ಬಾಗಿಲಲ್ಲಿ, ಪಾದ್ರಿಯ ಎದುರಿಗೇ ನಿಮ್ಮನ್ನು ಬೈದರು. ಅವರು ಅತ್ತದ್ದನ್ನು ನಾನು ನೋಡಲಿಲ್ಲ. ಬೈದದ್ದನ್ನು ಕೇಳಿದೆ, ಅಷ್ಟೇ.

ಜುಲೈ ಕೊನೆಯಲ್ಲಿ ಅವರು ನಮ್ಮ ಮನೆಯ ಬಾಗಿಲು ತಟ್ಟಿದರು. ನಿಮಗೆ ಗೊತ್ತಲ್ಲ, ಕಣ್ಣು ಹೋದ ಮೇಲೆ ಅವರು ಬೇರೆ ಯಾರ ಮನೆಯ ಹೊಸ್ತಿಲನ್ನೂ ದಾಟಿದವರಲ್ಲ. ಗುರುತಿಲ್ಲದ ಮನೆಯಲ್ಲಿ ಕುರ್ಚಿ ಎಡವುವುದೆಂದರೆ ಅವರಿಗೆ ಮರ್ಯಾದೆಯ ಪ್ರಶ್ನೆ. ನಾನು ಒಳಗೆ ಕರೆಯುವ ಶಾಸ್ತ್ರ ಮಾಡಿದೆ, ಅವರು ಒಲ್ಲೆನೆನ್ನುವ ಶಾಸ್ತ್ರ ಮಾಡಿದರು.

“ಹೀತರ್, ಶನಿವಾರ ನಿನಗೇನಾದ್ರೂ ಕೆಲಸ ಇದ್ಯಾ?”

“ಯಾವ ಶನಿವಾರ, ಅಂಕಲ್?”

“ಮೇ ತಿಂಗಳವರೆಗೆ.”

ನೀವು ಅವರ ಪಕ್ಕ ಕೂತು ಆಟವನ್ನು ಹೇಳುತ್ತಿದ್ದ ಮೈದಾನದ ಸೀಟು ಈಗ ಖಾಲಿಯಿತ್ತು. ಕುರುಡರಿಗೆಂದು ಕ್ಲಬ್ಬಿನವರು ಕೊಡುವ ಹೆಡ್‌ಫೋನ್ ಅವರಿಗೆ ಆಗದು. “ಅದರಲ್ಲಿ ಮಾತಾಡೋ ಹುಡುಗ ಹವಾಮಾನ ವರದಿ ಓದಿದ ಹಾಗೆ ಓದ್ತಾನೆ. ಅವನಿಗೆ ಗೋಲಾದ್ರೂ ಒಂದೇ, ಗುಡುಗಾದ್ರೂ ಒಂದೇ.” ಆಮೇಲೆ ದನಿ ಇಳಿಸಿ ಹೇಳಿದರು: “ಒಂದು ಸೀಸನ್ ನೋಡೋಣ ಕಣಮ್ಮ. ಅವಳಿಲ್ಲದೆ ಆಗುತ್ತೆ ಅಂದ್ರೆ ಆಯ್ತು. ಆಗಲ್ಲ ಅಂದ್ರೆ ಎರಡೂ ಸೀಟು ವಾಪಸ್ ಕೊಟ್ಟು, ಲೊರೇನ್ ಹೇಳೋ ಹಾಗೆ ರೇಡಿಯೊ ಹಾಕ್ಕೊಂಡು ಕೂತ್ಕೋತೀನಿ.” ನಿಮ್ಮ ಮಗಳು ಪ್ಲಿಮತ್‌ನಿಂದ ಪ್ರತಿ ಭಾನುವಾರ ಫೋನ್ ಮಾಡಿ ಅದನ್ನೇ ಹೇಳುತ್ತಿದ್ದಳು: ಚಳಿಯಲ್ಲಿ ಯಾಕಪ್ಪ, ಜಾರಿ ಬಿದ್ದರೆ ಯಾರಪ್ಪ ಗತಿ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಎಂಟು ವರ್ಷದ ಹುಡುಗನಾಗಿದ್ದಾಗಿನಿಂದ ಆ ಮೈದಾನಕ್ಕೆ ಹೋದ ಮನುಷ್ಯ ಮನೆಯಲ್ಲಿ ಕೂತರೆ ಎದ್ದಾನೇ ಎಂಬ ಹೆದರಿಕೆ ನನಗಿತ್ತು. ಅಮ್ಮ ಹೋದ ಮೇಲೆ ನಾನೂ ಒಂದಷ್ಟು ಕಾಲ ಹಾಗೆ ಕೂತಿದ್ದೆ. ಒಪ್ಪಿಕೊಂಡೆ.

ಆಗಸ್ಟ್ ಪೂರ್ತಿ ನಾನು ಕೆಟ್ಟದಾಗಿ ಹೇಳಿದೆ. ಕಾಲೇಜಿನಲ್ಲಿ ಮಕ್ಕಳಿಗೆ ಪದ್ಯ ಪಾಠ ಮಾಡುವವಳು, ಕಣ್ಣಿಗೆ ಬಿದ್ದದ್ದನ್ನೆಲ್ಲ ಹೇಳಿದೆ. ಬೆಟ್ಟದ ಮೇಲಿಂದ ಮೋಡ ಇಳಿದದ್ದು, ಫ್ಲಡ್‌ಲೈಟ್ ಕಂಬದ ಮೇಲೆ ಕಡಲಹಕ್ಕಿಗಳು ಸಾಲಾಗಿ ಕೂತದ್ದು, ಹುಲ್ಲಿನ ಮೇಲೆ ಪ್ರೇಕ್ಷಕರ ಸ್ಟ್ಯಾಂಡಿನ ನೆರಳು ಮೆಲ್ಲಗೆ ಹರಿದದ್ದು. ಎದುರಾಳಿಗಳು ಗೋಲು ಹೊಡೆದಾಗ ನಾನಿನ್ನೂ ನೆರಳಿನಲ್ಲೇ ಇದ್ದೆ. ಅಂಕಲ್ ಎಷ್ಟೋ ಹೊತ್ತು ಸಹಿಸಿದರು. ಕೊನೆಗೆ, “ಮೋಡಕ್ಕೆ ಗೋಲು ಹೊಡೆಯೋಕೆ ಬರಲ್ಲ ಕಣಮ್ಮ. ಚೆಂಡೆಲ್ಲಿದೆ?” ಎಂದರು. ಎಡಕ್ಕಿದೆ ಎಂದರೆ “ಯಾರ ಎಡಕ್ಕೆ?” ಎನ್ನುವರು. ಮಧ್ಯಕ್ಕೆ ಎಂದರೆ “ಮಧ್ಯ ದೊಡ್ಡದು” ಎನ್ನುವರು. ತಂಡ ಸೋಲುತ್ತಿತ್ತು, ನಾನೂ ಸೋಲುತ್ತಿದ್ದೆ. ಬಸ್ಸಿನಲ್ಲಿ ಮನೆಗೆ ಬರುವಾಗ ಅವರು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಕಾಣದ ಕಿಟಕಿ ಅವರಿಗೆ ಯಾಕೆ ಬೇಕು ಎಂದುಕೊಳ್ಳುತ್ತಿದ್ದೆ.

ದಾರಿ ತೋರಿಸಿದ್ದು ಗಾರ್ತ್. ಅದೇ, ನಿಮ್ಮ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಬಸ್ ಡ್ರೈವರ್. ಮೊಣಕಾಲು ಕೈಕೊಟ್ಟದ್ದರಿಂದ ಈ ವರ್ಷ ಅವನು ಕೆಳಗಿನ ಸಾಲಿಗೆ ಇಳಿದಿದ್ದಾನೆ. ನಮ್ಮ ಹಿಂದೆಲ್ಲ ಈಗ ಹೊಸಬರು, ತಂಡ ಮೇಲೇರಿದ ಮೇಲೆ ಪ್ರೀತಿ ಹುಟ್ಟಿದವರು. ವಿರಾಮದಲ್ಲಿ ಬಿಸಿ ಬಿಸಿ ಪೈ ತಿಂಡಿ ಕೊಳ್ಳುವ ಸಾಲಿನಲ್ಲಿ ಗಾರ್ತ್ ಸಿಕ್ಕ.

“ಮೇವಿಸ್ ಮೈದಾನ ಅಂತ ಹೇಳ್ತಾನೇ ಇರ್ಲಿಲ್ಲ ಕಣಮ್ಮ, ಮನೆ ಅಂತ ಹೇಳ್ತಿದ್ರು. ನಮ್ಮ ಎಡಗಡೆ ಗೋಲು ಬೀದಿ ಬಾಗಿಲು, ಬಲಗಡೆದು ಅಡುಗೆಮನೆ. ಅಂಚು ಎರಡೂ ಗೋಡೆ. ಚೆಂಡು ನಡುಮನೆಗೆ ಬಂತು, ಮೆಟ್ಟಿಲ ಹತ್ರ ಹೋಯ್ತು, ಒಲೆ ಮೇಲೆ ಕೂತಿದೆ, ಹಿಂಗೆ. ಕ್ಲಿಫ್‌ಗೆ ಕತ್ತಲಲ್ಲೂ ಗೊತ್ತಿರೋ ಜಾಗ ಅದೊಂದೇ ಅಲ್ವಾ? ಕೇಳಿ ಕೇಳಿ ನನಗೂ ಅದೇ ಬಾಯಿಗೆ ಬಂದುಬಿಟ್ಟಿತ್ತು. ಇವತ್ತು ಮ್ಯಾಚ್ ಹೇಗಿತ್ತು ಅಂತ ಹೆಂಡ್ತಿ ಕೇಳಿದ್ರೆ, ಇಡೀ ಹೊತ್ತು ಅಡುಗೆಮನೇಲೇ ಇದ್ವಿ ಅಂತೀನಿ. ಅವಳು ನಂಬೋದೇ ಇಲ್ಲ, ಆ ಕಡೆ ತಲೆ ಹಾಕದವನು ಅಂತ.”

ಮೂವತ್ತು ನಲವತ್ತು ವರ್ಷ ನೀವು ನಿಮ್ಮ ಗಂಡನ ಕಿವಿಯಲ್ಲಿ ಮನೆಯೊಂದನ್ನು ಕಟ್ಟುತ್ತಾ ಬಂದಿರಿ, ಪಕ್ಕದ ಮನೆಯವಳಾದ ನನಗೆ ಗೊತ್ತಿರಲಿಲ್ಲ. ಅಂಕಲ್ ಯಾಕೆ ಹೇಳಲಿಲ್ಲ ಎಂದು ಅಂದು ಯೋಚಿಸಿದೆ. ಈಗ ಅರ್ಥವಾಗುತ್ತದೆ. ಅದು ನಿಮ್ಮಿಬ್ಬರ ಮಾತು. ಅದನ್ನು ಇನ್ನೊಬ್ಬರ ಬಾಯಿಂದ ಕೇಳಿ ಪಡೆಯಲು ಅವರಿಗೆ ಮನಸ್ಸಾಗಿರಲಿಲ್ಲ.

ಎರಡನೇ ಅರ್ಧ ಶುರುವಾದಾಗ ಧೈರ್ಯ ಮಾಡಿದೆ. “ಚೆಂಡು ಈಗ ಅಡುಗೆಮನೆಯಲ್ಲಿದೆ,” ಎಂದೆ. ಅಂಕಲ್ ಟೋಪಿ ತೆಗೆದರು, ಮಡಿಲಲ್ಲಿ ಇಟ್ಟುಕೊಂಡರು, ಮತ್ತೆ ಹಾಕಿಕೊಂಡರು. “ಅಡುಗೆಮನೇಲಿ ಎಲ್ಲಿ?” ಎಂದರು. ಅಷ್ಟೇ. ಆ ದಿನ ಸೋತರೂ ಬಸ್ಸಿನಲ್ಲಿ ನನ್ನ ಕಡೆ ತಿರುಗಿ ಕೂತಿದ್ದರು.

ಅಲ್ಲಿಂದ ಮುಂದೆ ನಾನು ಮಾಡಿದ್ದನ್ನು ಕೇಳಿ ನೀವು ನಗುತ್ತೀರಿ.

ನಮ್ಮ ಬೀದಿಯ ಮನೆಗಳನ್ನು ಕಟ್ಟಿದವರು ಜೋಡಿ ಜೋಡಿಯಾಗಿ, ಎದುರು ಬದುರು ಕನ್ನಡಿ ಹಿಡಿದಂತೆ ಕಟ್ಟಿದ್ದಾರೆ. ನಿಮ್ಮ ಅಗ್ಗಿಷ್ಟಿಕೆಯೂ ನಮ್ಮ ಅಗ್ಗಿಷ್ಟಿಕೆಯೂ ಒಂದೇ ಗೋಡೆಗೆ ಬೆನ್ನು ಕೊಟ್ಟು ಕೂತಿವೆ. ಹಾಗಾಗಿ ಬೀದಿ ಬಾಗಿಲಿಂದ ಒಳಗೆ ಬಂದರೆ ನಿಮ್ಮ ಮೆಟ್ಟಿಲು ಎಡಕ್ಕೆ, ನಮ್ಮದು ಬಲಕ್ಕೆ. ನಾನು ನಿಮ್ಮ ಮನೆಗೆ ಬಂದದ್ದೆಲ್ಲ ಹಿತ್ತಲ ಬಾಗಿಲಿಂದ, ಕೂತದ್ದೆಲ್ಲ ಅಡುಗೆಮನೆಯಲ್ಲಿ. ಮೆಟ್ಟಿಲು ಯಾವ ಕಡೆ ಎಂದು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಸೆಪ್ಟೆಂಬರ್‌ನಿಂದ ನಾನು ಹೇಳಿದ್ದು ನನ್ನ ಮನೆಯನ್ನು. ಅಂಕಲ್ ಕೇಳಿದ್ದು ನಿಮ್ಮ ಮನೆಯನ್ನು. ನಮ್ಮ ಮುಂದೆಯೇ ಇರುವ ಅಂಚಿನಲ್ಲಿ ಚೆಂಡು ಓಡಿದರೆ ನಾನು “ಮೆಟ್ಟಿಲ ಕಡೆ” ಎನ್ನುತ್ತಿದ್ದೆ. ಅವರ ತಲೆಯಲ್ಲಿ ಮೆಟ್ಟಿಲು ಇದ್ದದ್ದು ಮೈದಾನದ ಆಚೆ ಅಂಚಿನಲ್ಲಿ.

ಟೋಬಿ ಎಂಬ ಎಡಗಾಲಿನ ಹುಡುಗ ಈ ವರ್ಷ ನಮ್ಮ ತಂಡಕ್ಕೆ ಬಂದಿದ್ದಾನೆ, ಗಾಳಿಯ ಹಾಗೆ ಓಡುತ್ತಾನೆ. ನನ್ನ ಲೆಕ್ಕದಿಂದಾಗಿ ಅಂಕಲ್ ಪಾಲಿಗೆ ಅವನು ಇಡೀ ಶರತ್ಕಾಲ ತಪ್ಪು ಅಂಚಿನಲ್ಲಿ ಓಡಿದ. ತಾಳಲಾರದೆ ಒಂದು ಶನಿವಾರ ಸಂಜೆ ಅವರು ಊರ ರೇಡಿಯೊಗೆ ಫೋನ್ ಮಾಡಿದರು. ನಾನು ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದೆ.

“ಎಡಗಾಲಿನ ಹುಡುಗನ್ನ ಬಲಗಡೆ ಆಡಿಸ್ತಾನಲ್ಲ ನಿಮ್ಮ ಮ್ಯಾನೇಜರು, ಕುದುರೆ ಬಾಲಕ್ಕೆ ಲಗಾಮು ಹಾಕಿದ ಹಾಗೆ.”

“ಅವನು ಎಡಗಡೇನೇ ಆಡಿದ್ದಲ್ವಾ ಸರ್? ನೀವು ಮ್ಯಾಚ್ ನೋಡಿದ್ರಾ?”

“ನಾನ್ಯಾಕೆ ನೋಡ್ಲಿ ಕಣಯ್ಯ, ನಾನು ಕುರುಡ. ಕಣ್ಣಿರೋ ನಿಮಗೇನಾಗಿದೆ ಅಂತ ಕೇಳ್ತಿದೀನಿ.”

ಮಾರನೆಯ ವಾರ ಊರಿಡೀ ಅದೇ ಮಾತು. ಪೈ ಅಂಗಡಿಯಲ್ಲಿ ಅವರಿಗೆ ಪುಕ್ಕಟೆಯಾಗಿ ಒಂದು ಪೈ ಸಿಕ್ಕಿತು. ನಾನೂ ನಕ್ಕೆ. ಎಡ ಬಲದ ತಂತ್ರಗಳು ನನಗೆ ತಿಳಿಯವು, ಮುದುಕರ ಗೊಣಗಾಟವೆಂದು ಬಿಟ್ಟೆ.

ಆದರೆ ನಗುವ ವಿಷಯವಾಗಿರಲಿಲ್ಲ. ಬೂಟಿನ ಸದ್ದು, ಉಸಿರಿನ ಸದ್ದು ಹತ್ತಿರದಲ್ಲೇ ಕೇಳುತ್ತಿರುವಾಗ ಪಕ್ಕದಲ್ಲಿ ಕೂತವಳು ಚೆಂಡು ಆಚೆ ಗೋಡೆಗಿದೆ ಎನ್ನುತ್ತಾಳೆ. ಒಂದು ಸಲವಲ್ಲ, ಪ್ರತಿ ಶನಿವಾರ. ಅವರು ನನ್ನನ್ನು ಅನುಮಾನಿಸಲಿಲ್ಲ, ಆಂಟಿ. ತಮ್ಮ ಕಿವಿಯನ್ನು ಅನುಮಾನಿಸಿದರು. ಕಣ್ಣಿನ ಹಾಗೆ ಇದೂ ಹೊರಟಿತು ಎಂದುಕೊಂಡರು. ಯಾರಿಗೂ ಹೇಳದೆ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಚೆನ್ನಾಗಿದೆ ಎಂದರೆ ನಂಬಲಿಲ್ಲ. ನವೆಂಬರ್‌ನ ಹೊತ್ತಿಗೆ, “ಲೊರೇನ್ ಹೇಳೋದು ಸರಿಯೇನೋ,” ಎಂದು ಒಂದೆರಡು ಸಲ ಅಂದರು. ಚಳಿಗೆ ಹಾಗನ್ನುತ್ತಾರೆ ಎಂದುಕೊಂಡೆ.

ಕ್ರಿಸ್‌ಮಸ್ ಹತ್ತಿರವಿತ್ತು. ನಿಮ್ಮ ಹಿತ್ತಲ ಗೇಟಿನ ಅಗುಳಿ ಮಂಜಿಗೆ ಹೆಪ್ಪುಗಟ್ಟಿ ಕೂತುಬಿಟ್ಟಿತ್ತು. ಹಣ್ಣಿನ ಪೈಗಳ ತಟ್ಟೆ ಹಿಡಿದು ಬೀದಿ ಬಾಗಿಲಿಂದ ಒಳಗೆ ಬಂದೆ. ನಾಲ್ಕು ಗಂಟೆಗೇ ಕತ್ತಲು. ನೀವು ಹೋದ ಮೇಲೆ ಆ ಪಡಸಾಲೆಯ ಬಲ್ಬು ಸುಟ್ಟುಹೋದದ್ದನ್ನು ನೋಡುವವರು ಯಾರಿದ್ದಾರೆ? ನಮ್ಮ ಮನೆಯ ಅಭ್ಯಾಸಕ್ಕೆ ಎಡಕ್ಕೆ ಸರಿದು ಹೆಜ್ಜೆ ಇಟ್ಟೆ. ಕಾಲು ಮೆಟ್ಟಿಲಿಗೆ ತಗುಲಿ ತಟ್ಟೆ ಸಮೇತ ಮುಗ್ಗರಿಸಿದೆ.

“ಯಾರದು? ಬಿದ್ದಿದ್ದು ನೀನಾ, ತಟ್ಟೆಯಾ?”

“ಇಬ್ರೂ, ಅಂಕಲ್.”

“ತಟ್ಟೆ ಮೇವಿಸ್‌ದಾ, ನಿಂದಾ?”

ಕತ್ತಲಲ್ಲಿ, ಇರಬಾರದ ಕಡೆ ಇದ್ದ ಮೆಟ್ಟಿಲ ಮೇಲೆ ಕೂತು, ಸೆಪ್ಟೆಂಬರ್‌ನಿಂದ ಆ ದಿನದವರೆಗಿನ ಶನಿವಾರಗಳನ್ನೆಲ್ಲ ಮಗುಚಿ ಹಾಕುತ್ತಿದ್ದೆ. “ಅಂಕಲ್, ನಿಮ್ಮ ಮೆಟ್ಟಿಲು ಎಡಗಡೆ ಇದೆ,” ಎಂದೆ.

“ಮದುವೆಯಾಗಿ ಬಂದಾಗಿಂದ ಅಲ್ಲೇ ಇದೆ.”

“ನಮ್ಮದು ಬಲಗಡೆ.”

ಅವರು ಗೋಡೆ ಸವರಿಕೊಂಡು ಬಂದು ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. ಸಿಟ್ಟು ಬಂದಿದೆ ಎಂದುಕೊಂಡೆ. ಆಮೇಲೆ ಅವರ ಭುಜ ಅಲುಗುವುದು ತಿಳಿಯಿತು. ನಗುತ್ತಿದ್ದರು. ಬರೀ ನಗುವೇ ಆಗಿತ್ತೆಂದು ಹೇಳಲಾರೆ, ಕತ್ತಲಿತ್ತು. “ಹಾಗಾದ್ರೆ ನನ್ನ ಕಿವಿ ಸರಿ ಇದೆ,” ಎಂದರು. ಇನ್ನೊಂದು ಸಲ ಅದನ್ನೇ ಹೇಳಿದರು. ಆಗಲೇ ಕಿವಿ ಪರೀಕ್ಷೆಯ ಕಥೆ ಹೊರಬಂದದ್ದು. ನೆಲದ ಮೇಲಿನ ಪೈಗಳನ್ನು ಕೈಯಾಡಿಸಿ ಹುಡುಕಿ ಒಂದನ್ನು ಬಾಯಿಗೆ ಹಾಕಿಕೊಂಡರು. “ಪಾಪ, ಆ ಟೋಬಿ ಹುಡುಗನಿಗೆ ಕ್ಷಮೆ ಕೇಳ್ಬೇಕು. ಮ್ಯಾನೇಜರಿಗೂ.” ಸ್ವಲ್ಪ ಹೊತ್ತು ಅಗಿದು, “ಮ್ಯಾನೇಜರಿಗೆ ಬೇಡ ಬಿಡು. ಅವನ ಬೇರೆ ತಪ್ಪು ಬೇಕಾದಷ್ಟಿವೆ,” ಎಂದರು.

ಅಂದು ಅವರು ನನ್ನ ಕೈ ಹಿಡಿದು ನಿಮ್ಮ ಮನೆಯನ್ನು ಬೀದಿ ಬಾಗಿಲಿಂದ ಅಡುಗೆಮನೆಯವರೆಗೆ ನಡೆದು ತೋರಿಸಿದರು. ದೀಪ ಹಾಕಲು ಬಿಡಲಿಲ್ಲ. ಇಲ್ಲಿ ಅಗ್ಗಿಷ್ಟಿಕೆ, ಇಲ್ಲಿ ಅವಳ ಹೊಲಿಗೆ ಮಿಶಿನ್, ಇದು ಒಲೆ, ಇಲ್ಲಿಂದ ಒಂದು ಹೆಜ್ಜೆಗೆ ಹಿತ್ತಲ ಬಾಗಿಲು. ಕವಿತೆಯೊಂದನ್ನು ಮೊದಲ ಸಲ ಓದುವಾಗ ಹೇಗೆ ಎಲ್ಲೂ ಎಡವದಂತೆ ಮೆಲ್ಲಗೆ ಹೋಗುತ್ತೇವೋ ಹಾಗೆ ಹೋದೆ.

ಚಳಿಗಾಲದಲ್ಲಿ ತಂಡ ಇಳಿಯುತ್ತಲೇ ಹೋಯಿತು. ಇಪ್ಪತ್ತನಾಲ್ಕು ತಂಡಗಳಲ್ಲಿ ಕೊನೆಯ ಮೂರಕ್ಕೆ ಮತ್ತೆ ಕೆಳಗಿನ ಲೀಗೇ ಗತಿ, ನಾವು ಆ ಮೂರರ ಬಾಗಿಲಲ್ಲೇ ವಾಸವಾಗಿದ್ದೆವು. ಫೆಬ್ರವರಿಯ ಹಿಮಮಳೆಯಲ್ಲಿ ಸೊನ್ನೆ ಸೊನ್ನೆ, ಮಾರ್ಚ್‌ನಲ್ಲಿ ಕೊನೆಯ ನಿಮಿಷದ ಸೋಲುಗಳು. ಆದರೂ ಹೇಳುತ್ತೇನೆ, ಆಂಟಿ, ನಾನು ಸುಖವಾಗಿದ್ದೆ. ಮಡಿಲ ಮೇಲೆ ನಿಮ್ಮದೇ ಚೌಕುಳಿ ಹೊದಿಕೆ, ಫ್ಲಾಸ್ಕಿನಲ್ಲಿ ಚಹಾ, ಶುರುವಿನ ಸೀಟಿ ಊದಿದಾಗ ಒಂದು ಪೆಪ್ಪರ್‌ಮಿಂಟು, ವಿರಾಮಕ್ಕೆ ಇನ್ನೊಂದು. ಎಷ್ಟೋ ವರ್ಷ ಪುಸ್ತಕಗಳಲ್ಲಿ ಹುಡುಕಿದ ಏಕಾಗ್ರತೆ ನನಗೆ ಒಬ್ಬ ಮುದುಕರ ಕಿವಿಯ ಪಕ್ಕದಲ್ಲಿ ಸಿಕ್ಕಿತು. ಸುಳ್ಳು ಹೇಳುವಂತಿಲ್ಲ, ತಡ ಮಾಡುವಂತಿಲ್ಲ, ಚಂದ ಮಾಡುವಂತಿಲ್ಲ. ಹೇಳಿದ್ದಷ್ಟೇ ಅವರಿಗೆ ಇರುವುದು.

ಕೊನೆಯ ಪಂದ್ಯ ನಮ್ಮಲ್ಲೇ. ಸಮ ಮಾಡಿಕೊಂಡರೂ ಉಳಿಯುತ್ತೇವೆ, ಸೋತರೆ ಇಳಿಯುತ್ತೇವೆ. ಟೋಬಿ ಮೆಟ್ಟಿಲ ಕಡೆಯಿಂದ, ನಿಮ್ಮ ಮೆಟ್ಟಿಲ ಕಡೆಯಿಂದ, ಓಡಿ ಒಂದು ಹೊಡೆದ. ಎದುರಾಳಿಗಳೂ ಒಂದು ಹೊಡೆದರು. ಕೊನೆಯ ಹೊತ್ತಿನಲ್ಲಿ ನಾವು ಅಡುಗೆಮನೆ ಕಾಯುತ್ತಿದ್ದೆವು, ಅವರು ಮನೆಯೊಳಗೇ ನುಗ್ಗಿದ್ದರು. ಚೆಂಡು ನಮ್ಮ ಗೋಲಿನ ಎದುರಿಗೇ ಬಂದು ನಿಂತಾಗ ನಾನು ಹೇಳುವುದನ್ನು ಮರೆತು ಎದ್ದು ನಿಂತೆ.

ಅಂಕಲ್ ನನ್ನ ಮಣಿಕಟ್ಟು ಹಿಡಿದರು. “ಹೇಳು. ಮನೆ ಹತ್ತಿ ಉರಿದ್ರೂ ಹೇಳು.”

“ಒಲೆ ಮೇಲಿದೆ. ಹೊಡೆದ. ನಮ್ಮ ಗೋಲ್‌ಕೀಪರ್ ಕೈಗೆ ತಗುಲ್ತು. ಮತ್ತೆ ಒಲೆ ಮೇಲೆ. ಮತ್ತೆ ಹೊಡೆದ. ಮೇಲಿಂದ ಹೋಯ್ತು ಅಂಕಲ್, ಹಿತ್ತಲಿಗೆ ಹೋಯ್ತು, ಹಿತ್ತಲಿಗೆ.”

ಕೊನೆಯ ಸೀಟಿ ಮೊಳಗಿತು. ಇಪ್ಪತ್ತೊಂದನೆಯ ಜಾಗ, ಒಂದೇ ಒಂದು ಅಂಕದಿಂದ ಉಳಿದೆವು. ಜಗತ್ತಿನಲ್ಲಿ ಇಪ್ಪತ್ತೊಂದನೆಯವರಾಗಿ ಇಷ್ಟು ಕುಣಿದವರನ್ನು ನಾನು ಕಾಣೆ. ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು.

“ಎಷ್ಟು ಜನ ಇದ್ದಾರೆ ಮನೇಲಿ?” ಅಂಕಲ್ ಕೇಳಿದರು.

“ಊರೇ ಇದೆ.”

“ಕಾಲೊರೆಸ್ಕೊಂಡು ಬಂದ್ರಾ? ಅವಳು ಬೈತಾಳೆ.” ಆಮೇಲೆ, ಇಡೀ ವರ್ಷದಲ್ಲಿ ಮೊದಲ ಸಲ, “ಆಕಾಶ ಹೇಗಿದೆ?” ಎಂದು ಕೇಳಿದರು. ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡರು.

ಬಸ್ಸಿನಲ್ಲಿ ನಿಮ್ಮ ಅರ್ಧ ಸಾಲಿನ ವಿಷಯ ಎತ್ತಿದೆ. ನಡುವೆ ಇರುವವರಿಗೆ ನಿದ್ದೆಯೋ, ಊಟವೋ? “ಎರಡೂ ಅಲ್ಲ,” ಎಂದರು. “ನಡುವೆ ಇರೋರಿಗೆ ಮುಂದಿನ ಶನಿವಾರ. ಸೋತು ಬಂದಾಗೆಲ್ಲ ಹಾಗಂತಿದ್ಲು.” ಹಾಗಾದರೆ ಮುಂದಿನ ವರ್ಷದ ಸೀಟು, ಎಂದು ಮೆಲ್ಲಗೆ ಕೇಳಿದೆ. “ನೋಡೋಣ,” ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅದಾದ ಮೇಲೆ ಆ ಮಾತೇ ಇಲ್ಲ.

ಸೀಟು ಉಳಿಸಿಕೊಳ್ಳಲು ಇಂದು ಮಧ್ಯಾಹ್ನವೇ ಕೊನೆ. ಬೆಳಿಗ್ಗೆ ಅಗ್ಗಿಷ್ಟಿಕೆಯ ಗೋಡೆಯ ಆಚೆ ಅವರ ರೇಡಿಯೊ ಕೇಳುತ್ತಿತ್ತು. ನಂತರ ಬಾಗಿಲು ಎಳೆದ ಸದ್ದು, ಕಾಲುದಾರಿಯ ಮೇಲೆ ಕೋಲಿನ ಸದ್ದು. ಮೈದಾನದ ಕಚೇರಿಗೂ ಅದೇ ಬಸ್ಸು, ಬ್ರೆಡ್ಡಿನ ಅಂಗಡಿಗೂ ಅದೇ ಬಸ್ಸು. ಹಿಂದೆ ಓಡಿ ಕೇಳಬಹುದಿತ್ತು. ಕೇಳಲಿಲ್ಲ. ಅದು ಅವರು ಮಾಡಬೇಕಾದ ತೀರ್ಮಾನ. ನಿಮ್ಮ ಸೀಟಿನಲ್ಲಿ ಒಂದು ವರ್ಷ ಕೂತೆ, ಅದೇ ನನಗೆ ದೊಡ್ಡದು. ಕೂತು ಕೈಗೆ ಏನಾದರೂ ಕೆಲಸವಿರಲಿ ಎಂದು ಇದನ್ನು ಬರೆದೆ.

ನೀವಿರುವಲ್ಲಿ ನಿಮಗೆ ಒಳ್ಳೆಯ ಸೀಟು ಸಿಕ್ಕಿರಲಿ, ಆಂಟಿ. ಎದುರಿಗೆ ಕಂಬ ಅಡ್ಡ ಬಾರದಿರಲಿ, ಬೆನ್ನಿಗೆ ಗಾಳಿ ಬೀಸದಿರಲಿ, ಫ್ಲಾಸ್ಕಿನ ಚಹಾ ಆರದಿರಲಿ.

ನಿಮ್ಮ ಗೋಡೆಯ ಈಚೆ ಬದಿಯವಳು,
ಹೀತರ್

ಹೆಸರು ಬರೆದ ಮೇಲೆ ಬಾಗಿಲು ತಟ್ಟಿದ ಸದ್ದಾಯಿತು, ಅದಕ್ಕೇ ಇನ್ನೆರಡು ಮಾತು. ಕ್ಲಿಫ್ ಅಂಕಲ್ ನಿಂತಿದ್ದರು, ಕಂಕುಳಲ್ಲಿ ಬ್ರೆಡ್ಡು.

“ಎರಡೂ ಸೀಟಿಗೆ ಹೇಳಿ ಬಂದೆ,” ಎಂದರು. ನಾನು ಏನೋ ಹೇಳಹೊರಟೆ. “ತಡಿ, ಒಂದು ಷರತ್ತಿದೆ. ಮುಂದಿನ ವರ್ಷ ನಮ್ಮನೇಲಿ ಆಡ್ಸೋದು ಬೇಡ. ಆ ಅಡುಗೆಮನೆ ಮೇವಿಸ್‌ದು, ಅವಳಿಗೇ ಇರ್ಲಿ. ನಿನ್ನ ಮನೇಲಿ ಆಡ್ಸು.”

ಆಮೇಲೆ ಕೋಲನ್ನು ಬಾಗಿಲಿಗೆ ಒರಗಿಸಿ, ಎರಡೂ ಬೂಟುಗಳನ್ನು ಕಾಲೊರೆಸಿನ ಮೇಲೆ ಚೆನ್ನಾಗಿ ಉಜ್ಜಿ, ಕೈ ಮುಂದೆ ಚಾಚಿ ಹೇಳಿದರು: “ಮೆಟ್ಟಿಲು ಬಲಗಡೆ ಅಂದಿದ್ಯಲ್ಲ. ಎಲ್ಲಿ, ತೋರ್ಸು.”